ಕಣ್ಣು ಮುಚ್ಚಿದರೂ ಕಾಣಬೇಕಾದ ಗಿಡ

ಸಾತಲಿಂಗಪ್ಪ ಮಾಸ್ತರರ ದನಿಯನ್ನು ಅಣಕಿಸುವುದು ಸುಲಭದ ಕೆಲಸವಲ್ಲ. ಮೊದಲು ಬಾಯೊಳಗೆ ಎಲೆಯಡಿಕೆ ಇದೆ ಎಂದುಕೊಳ್ಳಬೇಕು. ಅದನ್ನು ಎಡದವಡೆಗೆ ಸರಿಸಬೇಕು. ರಸ ತುಟಿ ದಾಟದ ಹಾಗೆ ಗದ್ದವನ್ನು ತುಸು ಮೇಲೆತ್ತಿ, ಮೂಗಿನ ತುದಿಗೆ ಜಾರಿದ ಚಷ್ಮಾದ ಮೇಲಿಂದ ಹುಡುಗರನ್ನು ನೋಡುತ್ತ, ಮಾತಿನ ಕೊನೆಗೊಮ್ಮೆ 'ಹೌದಿಲ್ಲೊ' ಎನ್ನಬೇಕು. ಸೊಲ್ಲಾಪುರದ ಆ ಕಾಲೇಜಿನಲ್ಲಿ ಇದಿಷ್ಟನ್ನೂ ಒಟ್ಟಿಗೆ ಮಾಡಬಲ್ಲವರು ಇಬ್ಬರೇ ಇದ್ದರು. ಒಬ್ಬರು ಸ್ವತಃ ಮಾಸ್ತರರು. ಇನ್ನೊಬ್ಬ ತಡವಳದ ಕುರಿಗಾರರ ಮನೆಯ ಧೂಳಪ್ಪ, ಬಿ.ಎಸ್ಸಿ. ಕೊನೆಯ ವರ್ಷದವನು.

ಮಾಸ್ತರರು ಕಲಿಸುತ್ತಿದ್ದುದು ಸಸ್ಯಶಾಸ್ತ್ರ. ಯಾವಾಗಲೂ ಒಂದು ಎಲೆ ಬಾಯಲ್ಲಿ, ಒಂದು ಎಲೆ ಕೈಯಲ್ಲಿ ಇರುತ್ತಿದ್ದುದರಿಂದ ಹುಡುಗರು ಅವರಿಗೆ 'ಎಲಿ ಮಾಸ್ತರ' ಎಂದು ಹೆಸರಿಟ್ಟಿದ್ದರು. ಇಟ್ಟವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಐವತ್ತೈದನೆಯ ಇಸವಿಯ ದೀಪಾವಳಿ ಸೂಟಿಗೆ ಮುಂಚೆ ಇಡೀ ವರ್ಗ ಗಿಡ ನೋಡಲು ಮಹಾಬಳೇಶ್ವರಕ್ಕೆ ಹೋಯಿತು. ಜೋಳದ ಹೊಲ, ಜಾಲಿ, ಬೇವು ಬಿಟ್ಟು ಬೇರೆ ಹಸಿರನ್ನು ಅಷ್ಟಾಗಿ ಕಾಣದ ಸೊಲ್ಲಾಪುರದ ಹುಡುಗರು ಘಟ್ಟದ ಮಂಜಿನಲ್ಲಿ ಒಬ್ಬರ ಅಂಗಿಯನ್ನೊಬ್ಬರು ಹಿಡಿದುಕೊಂಡು ನಡೆದರು. ಮಾಸ್ತರರು ಯಾವುದೋ ಜರಿಗಿಡದ ಬೆನ್ನು ಹತ್ತಿ ಕೆಳಗಿನ ತಗ್ಗಿಗೆ ಇಳಿದಿದ್ದರು. ಅವರು ಕಣ್ಮರೆಯಾದದ್ದೇ ತಡ, ಧೂಳಪ್ಪ ಬಂಡೆಯೊಂದರ ಮೇಲೆ ಹತ್ತಿ ನಿಂತ. ಗೆಳೆಯ ಸಿದ್ರಾಮನನ್ನು ಎದುರಿಗೆ ನಿಲ್ಲಿಸಿಕೊಂಡ. ಗದ್ದ ಮೇಲೆದ್ದಿತು.

"ಈ ಜಾತಿಯ ಹೆಸರು ಸಿದ್ರಾಮ. ಕಾಂಡ ಸೊಟ್ಟ. ತುದಿ ಪೂರಾ ಟೊಳ್ಳು, ಹೌದಿಲ್ಲೊ. ವರ್ಷಪೂರ್ತಿ ಮುದುಡಿಕೊಂಡ ಇರತದ, ಊಟದ ಗಂಟಿ ಆತಂದ್ರ ಅರಳತದ. ಫಲ ಅಂತೂ ಈತನಕ ಯಾರೂ ಕಂಡಿಲ್ಲ. ಪರೀಕ್ಷಾ ಫಲ ಬಂದಾಗ ನೋಡೂಣು."

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗುವುದನ್ನು ನಿಲ್ಲಿಸಿದರು. ಧೂಳಪ್ಪ ತಿರುಗಿ ನೋಡಿದಾಗ ಕೈಯಲ್ಲಿ ಜರಿಗಿಡ ಹಿಡಿದುಕೊಂಡು ಮಾಸ್ತರರು ನಿಂತಿದ್ದರು. ಇಬ್ಬರ ಗದ್ದವೂ ಒಂದೇ ಹಾಗೆ ಮೇಲೆದ್ದಿತ್ತು.

"ವರ್ಣನಾ ಛಲೋ ಮಾಡ್ತಿ," ಎಂದರು ಮಾಸ್ತರರು. ಸಿಟ್ಟಿನ ದನಿಯಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ಉಳದಾವ್ರು ಚೀಲಾ ತುಂಬ ಗಿಡ ತರ್ಲಿ. ನೀ ಒಂದ ಗಿಡ ತಾ. ಕಾಂಡದಿಂದ ಬೀಜದ ತನಕ ಬರಿ. ನಾ ಕಣ್ಣ ಮುಚ್ಚಿ ಕೇಳ್ತೀನಿ. ಗಿಡ ನನ್ನ ಕಣ್ಣಿಗೆ ಕಂಡ್ರ ಜರ್ನಲ್‌ಗ ಸಹಿ. ಕಾಣಲಿಲ್ಲಂದ್ರ ಸಹಿ ಇಲ್ಲ."

ಜರ್ನಲ್ ಎಂದರೆ ವರ್ಷವಿಡೀ ಪ್ರಯೋಗಗಳನ್ನು ಬರೆದಿಟ್ಟ ಪುಸ್ತಕ. ಅದರ ಮೇಲೆ ಮಾಸ್ತರರ ಸಹಿ ಇಲ್ಲದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಒಳಗೆ ಬಿಡುತ್ತಿರಲಿಲ್ಲ. ಪರೀಕ್ಷೆ ಇಲ್ಲವೆಂದರೆ ವರ್ಷ ಹೋಯಿತು. ಧೂಳಪ್ಪನಿಗೆ ಕಳೆದುಕೊಳ್ಳಲು ಇನ್ನೊಂದು ವರ್ಷ ಇರಲಿಲ್ಲ. 'ಈ ಸಲ ಪಾಸಾದಿ ಛಲೋ ಆತು, ಇಲ್ಲಂದ್ರ ಆ ಭಿಂಗ ಇಟ್ಟು ಕೋಲ ಹಿಡಿ' ಎಂದು ಅಪ್ಪ ಪೀರಪ್ಪ ಆಗಲೇ ಹೇಳಿಯಾಗಿತ್ತು. ಭಿಂಗ ಎಂದರೆ ಲೆನ್ಸು. ಕೋಲು ಎಂದರೆ ಕುರಿಗಳ ಹಿಂದೆ ಹಿಡಿಯುವ ಕೋಲು.

"ಸಹಿ ಸಿಗೂತನಕ ಸಹಿಸ್ಕೊ," ಎಂದ ಸಿದ್ರಾಮ.

"ಅದು ನಾ ಮಾಡೂ ಮಾತು. ನಿನ್ನ ಬಾಯಾಗ ಶೋಭಿಸೂದಿಲ್ಲ," ಎಂದು ಧೂಳಪ್ಪ ಗಿಡ ಹುಡುಕಲು ಹೋದ.

ಹುಡುಕುವುದೇನೂ ಬೇಕಾಗಲಿಲ್ಲ. ಝರಿಯ ಮೇಲಿನ ಇಳಿಜಾರಿನಲ್ಲಿ, ಮಂಜು ತುಸು ಸರಿದಾಗ, ಆಳೆತ್ತರ ಮೀರಿದ ಪೊದೆಯೊಂದು ಗಾಳಿಗೆ ಹೊರಳಿ ತಟ್ಟನೆ ಬೆಳ್ಳಗಾಯಿತು. ಗಾಳಿ ನಿಂತ ಕೂಡಲೇ ಮತ್ತೆ ಹಸಿರಾಯಿತು. ಹತ್ತಿರ ಹೋದರೆ ಕಾಂಡದ ತುಂಬ ಗಿಡ್ಡ ಮುಳ್ಳು, ಗುಂಪುಗುಂಪಾಗಿ ತಿಳಿನೇರಳೆ ಹೂವು, ನಡುವೆ ಹಳದಿ ಕೇಸರಗಳ ಕೂಟ. ಬದನೆಯ ಹೂವನ್ನು ಸಣ್ಣದು ಮಾಡಿದ ಹಾಗೆ. "ಇದು ನಮ್ಮ ಬದನಿಕಾಯಿಯ ಘಟ್ಟದ ಸೋದರಮಾವ," ಎಂದ ಧೂಳಪ್ಪ. ಒಂದು ಟೊಂಗೆ ಕೊಯ್ದ. ಮುಳ್ಳು ಹೆಬ್ಬೆರಳಿಗೆ ಚುಚ್ಚಿತು. ಗಿಡ ಬದುಕಿರುವಾಗಲೇ, ಅಲ್ಲೇ ನಿಂತು, ಬಣ್ಣ ಬರೆದಿಟ್ಟುಕೊಳ್ಳಬೇಕು ಎನ್ನುವುದು ಮೊದಲ ವರ್ಷದ ಮೊದಲ ಪಾಠ. ಆದರೆ ಬಸ್ಸಿನ ಹಾರ್ನು ಕೂಗಿತು, ಕೈ ಮರಗಟ್ಟಿತ್ತು. ಎರಡು ಹಲಗೆಗಳ ನಡುವಿನ ವೃತ್ತಪತ್ರಿಕೆಗಳಲ್ಲಿ ಟೊಂಗೆಯನ್ನು ಚಪ್ಪಟೆಯಾಗಿ ಹರಡಿ, ಹಗ್ಗ ಬಿಗಿದು, ಬರೆಯುವುದನ್ನು ಮನೆಗೆ ಹೋಗಿ ಬರೆದರಾಯಿತು ಎಂದುಕೊಂಡ.

ಸೂಟಿಗೆ ಊರಿಗೆ ಹೋಗುವಾಗ ಆ ಹಲಗೆಗಳೂ ಅಕ್ಕಲಕೋಟೆಯ ಮೇಲೆ ಹಾಯ್ದು ತಡವಳಕ್ಕೆ ಬಂದವು. ಹೊಸ್ತಿಲಲ್ಲೇ ಅಜ್ಜಿ ಬೀರವ್ವ ತಡೆದಳು. ಅವಳನ್ನು ಮನೆಯವರೆಲ್ಲ ಆಯಿ ಎನ್ನುತ್ತಿದ್ದರು.

"ಏನೋ ಅದು, ಹೆಣಾ ಕಟ್ಟಿದಂಗ ಕಟ್ಟೀದಿ?"

"ಗಿಡ ಆಯಿ. ಘಟ್ಟದ್ದು. ಒಣಗಸಾಕ ಇಟ್ಟೀನಿ."

"ಗಿಡಾ ಒಣಗಸೂದು ಕಲ್ಯಾಕ ಸೊಲ್ಲಾಪುರಕ ಹೋಗ್ಬೇಕೇನು? ನಮ್ಮ ಹೊಲದಾಗ ತಾವಾ ಒಣಗತಾವ."

"ಅವು ಪಾಸಾಗೂದಿಲ್ಲ, ಆಯಿ. ಇದು ಪಾಸಾಗೂ ಗಿಡ."

ಬೀರವ್ವನ ಮನೆಯಲ್ಲಿ ಒಂದು ಕಾಯದೆಯಿತ್ತು. ಹೊರಗಿನಿಂದ ಬಂದದ್ದು ಏನೇ ಇರಲಿ, ಬೀರದೇವರ ಗೋಡೆಮಾಡದ ಮುಂದೆ ಅದರ ಮೇಲೊಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಬೀಳಲೇಬೇಕು. ಪೀರಪ್ಪನ ಹೊಸ ಕೊಡೆಗೂ ಬಿದ್ದಿತ್ತು, ಸಂತೆಯಿಂದ ತಂದ ಟಗರಿಗೂ ಬಿದ್ದಿತ್ತು, ಧೂಳಪ್ಪನ ರಸಾಯನಶಾಸ್ತ್ರದ ಪುಸ್ತಕಕ್ಕೂ ಬಿದ್ದಿತ್ತು. ಮನೆಮಂದಿಗೆ ಅದು ಗಾಳಿಯಷ್ಟೇ ರೂಢಿ, ಯಾರೂ ಗಮನಿಸುತ್ತಿರಲಿಲ್ಲ. ಧೂಳಪ್ಪ ಹಲಗೆಗಳನ್ನು ಒಲೆಯ ಹತ್ತಿರದ ಬೆಚ್ಚನೆಯ ಗೂಡಿನಲ್ಲಿಟ್ಟು, ಸೂಟಿ ಮುಗಿಯುವವರೆಗೆ ಅಪ್ಪನ ಜೊತೆ ಕುರಿಹಟ್ಟಿಯಲ್ಲಿದ್ದು ಬಂದ. ಮರಳುವಾಗ ಬಿಚ್ಚಿ ನೋಡಲೂ ಇಲ್ಲ.

ಸೊಲ್ಲಾಪುರದ ಕೋಣೆಯಲ್ಲಿ ಹಗ್ಗ ಬಿಚ್ಚಿದಾಗ ಎಲೆಗಳ ತಳ ಹೊನ್ನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಲೆನ್ಸು ಹಿಡಿದು ನೋಡಿದ. ತಳದ ತುಂಬ ನಕ್ಷತ್ರದಂಥ ಸಣ್ಣ ರೋಮಗಳು. ಒಂದೊಂದು ನಕ್ಷತ್ರದಲ್ಲೂ ಹಳದಿ ಕಣಗಳು. ಕಾಲೇಜಿನ ದಪ್ಪ ಪುಸ್ತಕದಲ್ಲಿ ಮುಳ್ಳು, ಹೂವು, ರೋಮ ಎಲ್ಲ ಹೊಂದುವ ಗಿಡ ಒಂದೇ ಇತ್ತು: ಸೊಲ್ಯಾನಮ್ ಜೈಗ್ಯಾಂಟಿಯಮ್, ಬದನೆಯ ಕುಟುಂಬದ ಬೆಟ್ಟದ ಪೊದೆ. ಆದರೆ ಪುಸ್ತಕ ಹೇಳಿತು: ತಳಭಾಗ ಬಿಳಿ.

"ಬೆಳ್ಳಗ ಇತ್ತೇನೊ ಅವತ್ತು?" ಎಂದು ಸಿದ್ರಾಮನನ್ನು ಕೇಳಿದ.

"ನನಗ ನಿನ್ನ ಬೆನ್ನು ಬಿಟ್ರ ಏನೂ ಕಾಣಲಿಲ್ಲ. ಮಂಜು ಇತ್ತು."

ಮಂಜು. ಹಾಗಾದರೆ ಬೆಳ್ಳಗೆ ಕಂಡದ್ದು ಮಂಜೇ ಇರಬೇಕು ಎಂದುಕೊಂಡ ಧೂಳಪ್ಪ. ಒಳಗೊಂದು ಸಣ್ಣ ದನಿ ಅಲ್ಲ ಎಂದಿತು. ಎಲ್ಲರ ದನಿಯನ್ನೂ ಎತ್ತಿ ಆಡುವವನು ಆ ಒಂದು ದನಿಯನ್ನು ಮಾತ್ರ ಎತ್ತಲಿಲ್ಲ. ಕೈಯಲ್ಲಿರುವ ಎಲೆ ಹಳದಿ ಇರುವಾಗ ಕೈಯಲ್ಲಿಲ್ಲದ ಮಂಜನ್ನು ನಂಬುವುದು ಶಾಸ್ತ್ರವಲ್ಲ ಎಂದು ತನಗೆ ತಾನೇ ಪಾಠ ಹೇಳಿ, 'ತಳಭಾಗ ದಟ್ಟವಾದ ಹೊಂಬಣ್ಣದ ಹಿಟ್ಟಿನಿಂದ ಮುಚ್ಚಿದೆ' ಎಂದು ಬರೆದ.

ಮಾಸ್ತರರು ಪ್ರಯೋಗಶಾಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು ಕೇಳಿದರು. ಕಾಂಡಕ್ಕೆ ತಲೆಯಾಡಿಸಿದರು. ಮುಳ್ಳಿಗೆ 'ಹ್ಞೂಂ' ಎಂದರು. ಹೊಂಬಣ್ಣದ ಹಿಟ್ಟು ಬಂದಾಗ ಕಣ್ಣು ತೆರೆದರು.

"ಇನ್ನೊಮ್ಮೆ ಓದು."

ಓದಿದ. ಅವರು ಎಲೆ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹೋದರು. ಲೆನ್ಸು ಹಿಡಿದರು, ಪುಸ್ತಕ ತೆರೆದರು, ಮತ್ತೆ ಲೆನ್ಸು ಹಿಡಿದರು. ಗಿರಣಿಯ ಭೋಂಗಾ ಕೂಗಿತು, ಹೊರಗೆ ಸೈಕಲ್ಲುಗಳ ಗದ್ದಲವೆದ್ದು ಇಳಿಯಿತು. ಅಷ್ಟು ಹೊತ್ತೂ ಮಾಸ್ತರರು ಅಗಿಯುವುದನ್ನು ನಿಲ್ಲಿಸಿದ್ದರು. ಧೂಳಪ್ಪ ಅದನ್ನು ಕಂಡದ್ದು ಅದೇ ಮೊದಲು.

"ಧೂಳಪ್ಪಾ, ಇದು ಪುಸ್ತಕದಾಗ ಇಲ್ಲ."

"ತಪ್ಪೇನ್ರಿ ಸರ್?"

"ತಪ್ಪಲ್ಲ. ಹೊಸಾದು." ಅವರು ಮೆಲ್ಲಗೆ ಕುಳಿತರು. "ನಾನೂ ಹರೇದಾಗಿಂದ ಪುಣೇದ ಸಸ್ಯಪಂಡಿತರಿಗೆ ಗಿಡ ಕಳಸಾಕತ್ತೀನಿ. ಪ್ರತಿ ಸಲ ಒಂದ ಜವಾಬು: ಇದು ಗೊತ್ತಿದ್ದದ್ದು, ಧನ್ಯವಾದ. ನನ್ನ ಕಪಾಟಿನ್ಯಾಗ ಬರೇ ಧನ್ಯವಾದ ಅದಾವ. ಐತವಾರ ಅಕ್ಕಲಕೋಟಿಗೆ ಮನಿಗೆ ಬಾ. ಛಲೋತಂಗ ಕಟ್ಟಿ ಪುಣೇಕ ಕಳಸೂಣು. ಜರ್ನಲ್ ತಗೊಂಡು ಬಾ, ಸಹಿ ಮಾಡ್ತೀನಿ. ಗಿಡಕ್ಕ ನಿನ್ನ ಹೆಸರ ಇಡ್ರಿ ಅಂತನೂ ಬರೀತೀನಿ. ಹೆಸರಿನ್ಯಾಗೂ ಧೂಳ, ಎಲಿ ತಳಗೂ ಧೂಳ. ಬರೋಬರ ಆತು, ಹೌದಿಲ್ಲೊ."

ಎಲಿ ಮಾಸ್ತರರು ಒಂದು ಮಾತಿನಾಟ ಆಡಿದ್ದರು. ಧೂಳಪ್ಪನಿಗೆ ನಗಲು ಕೂಡ ನೆನಪಾಗಲಿಲ್ಲ.

ಅಕ್ಕಲಕೋಟೆಯಲ್ಲಿ ಮಾಸ್ತರರ ಮನೆಯ ಪಡಸಾಲೆಯಲ್ಲಿ ಗಿಡದ ಹಾಳೆಯನ್ನು ದೇವರ ಪಟದ ಹಾಗೆ ಗೋಡೆಗೆ ಒರಗಿಸಿಟ್ಟಿದ್ದರು. ಮಾಸ್ತರರ ಹೆಂಡತಿ ಗುರುಲಿಂಗಮ್ಮ ಚಹಾ ತಂದುಕೊಟ್ಟು ಅದನ್ನೇ ನೋಡುತ್ತ ನಿಂತಳು.

"ಇದಕ್ಕೇನ್ರಿ ಎರಡ ದಿನದಿಂದ ನಿದ್ದಿ ಬಿಟ್ಟದ್ದು? ಬದನಿ ತೊಪ್ಪಲದಂಗ ಅದ."

"ತಳಗ ನೋಡು, ತಳಗ," ಎಂದು ಮಾಸ್ತರರು ಎಲೆಯಡಿಕೆಯ ಚಂಚಿಯಿಂದ ವೀಳ್ಯದೆಲೆ ತೆಗೆದು ಸುಣ್ಣ ಸವರುತ್ತಿದ್ದವರು, ಅದೇ ಹೆಬ್ಬೆರಳಿನಿಂದ ಗಿಡದ ಎಲೆಯ ಅಂಚನ್ನು ಎತ್ತಿ ತೋರಿಸಿದರು. ಅವಳು ನೋಡಿ, ಆಯಿತು ಎನ್ನುವ ಹಾಗೆ ತಲೆಯಾಡಿಸಿ ಒಳಗೆ ಹೋದಳು. ಮಾಸ್ತರರು ಎಲೆ ಮಡಿಚಿ ಬಾಯಿಗಿಟ್ಟುಕೊಂಡು, ಪಾರ್ಸೆಲ್ಲಿಗೆ ಸುತಳಿ ಹುಡುಕಲು ಅವಳ ಹಿಂದೆ ಹೋದರು.

ಪಡಸಾಲೆಯಲ್ಲಿ ಧೂಳಪ್ಪನೊಬ್ಬನೇ ಉಳಿದ. ಮಾಸ್ತರರ ಹೆಬ್ಬೆರಳು ತಾಗಿದ ಕಡೆ ಹಳದಿ ನಿಧಾನವಾಗಿ ಕಿತ್ತಳೆಯಾಯಿತು, ಆಮೇಲೆ ಕೆಂಪಾಯಿತು.

ಅದನ್ನು ತಿಳಿಯಲು ಅವನಿಗೆ ರಸಾಯನಶಾಸ್ತ್ರ ಬೇಕಾಗಲಿಲ್ಲ. ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಎಂಬುದನ್ನು ನಡೆಯಲು ಕಲಿಯುವ ಮೊದಲೇ ಅವನು ಬೀರವ್ವನ ತಾಟಿನಲ್ಲಿ ಕಂಡಿದ್ದ. ಅಜ್ಜಿ ಗೂಡಿನಿಂದ ಹಲಗೆ ಇಳಿಸಿದ್ದು, ಹಗ್ಗ ಬಿಚ್ಚಿದ್ದು, ಬೆರಳುಗಳಿಂದ ಭಂಡಾರ ಉದುರಿಸಿದ್ದು ಎಲ್ಲ ಕಣ್ಣ ಮುಂದೆಯೇ ನಡೆದಂತೆ ಕಂಡಿತು. ಇಳಿಜಾರಿನಲ್ಲಿ ಬೆಳ್ಳಗಾದದ್ದು ಮಂಜಲ್ಲ, ಗಿಡವೇ.

ಅವನ ಕೈ ತಾನಾಗಿ ಎದ್ದು ಆ ಎಲೆಯ ಮೇಲೆ ಕಾಗದ ಮುಚ್ಚಿತು. ಜರ್ನಲ್ ಮೇಜಿನ ಮೇಲಿತ್ತು, ಪಕ್ಕದಲ್ಲಿ ಟೋಪಿ ತೆಗೆದ ಪೆನ್ನು. ಒಂದು ಸಹಿ ಆದ ಮೇಲೆ ಪುಣೆಯವರು ಏನೆಂದು ಬರೆದರೂ ಅದು ಪರೀಕ್ಷೆ ಮುಗಿದ ಮೇಲೆ ಬರುವ ಮಾತು. ಆದರೆ ಆ ಜವಾಬಿನಲ್ಲಿ ಈ ಸಲ 'ಧನ್ಯವಾದ' ಕೂಡ ಇರುವುದಿಲ್ಲ. ಪುಣೆಯಲ್ಲಿ ಯಾರೋ ಗಟ್ಟಿಯಾಗಿ ಓದುತ್ತಾರೆ, ಯಾರೋ ನಗುತ್ತಾರೆ, ಯಾರೋ ಗದ್ದ ಮೇಲೆತ್ತಿ 'ಹೌದಿಲ್ಲೊ' ಎನ್ನುತ್ತಾರೆ. ಆ ಅಣಕ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದು ಧೂಳಪ್ಪನಿಗಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ.

ಮಾಸ್ತರರು ಸುತಳಿ ಹಿಡಿದು ಬಂದರು. "ಮೊದಲ ನಿನ್ನ ಕೆಲಸ ಮುಗಸೂಣು," ಎಂದು ಪೆನ್ನು ಎತ್ತಿಕೊಂಡರು.

"ಸರ್, ಸಹಿ ಮಾಡಬ್ಯಾಡ್ರಿ."

"ಯಾಕೊ?"

"ಆ ಹಳದಿ ಗಿಡದ್ದಲ್ಲರಿ. ಭಂಡಾರ ಅದು. ನಮ್ಮ ಆಯಿ ಹಾಕ್ಯಾಳ."

ಮಾಸ್ತರರು ಚಷ್ಮಾದ ಮೇಲಿಂದ ನೋಡಿದರು. "ಚಾಷ್ಟಿಗೆ ಒಂದು ವ್ಯಾಳ್ಯಾ ಇರತದ, ಧೂಳಪ್ಪ."

ಜೀವನದಲ್ಲಿ ಮೊದಲ ಬಾರಿ ಅವನು ತನ್ನದೇ ದನಿಯಲ್ಲಿ ಖರೆ ಮಾತು ಆಡಿದ್ದ. ಅದನ್ನು ಅವರು ನಂಬಲಿಲ್ಲ. ಅವನು ಕಾಗದ ಸರಿಸಿದ. ಕೆಂಪಾದ ಅಂಚು ತೋರಿಸಿದ. ಆಮೇಲೆ ಕೇಳದೆಯೇ ಅವರ ಚಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಬೆರಳಿಗೆ ತುಸು ಹಚ್ಚಿಕೊಂಡು, ಇನ್ನೊಂದು ಎಲೆಯ ತಳಕ್ಕೆ ಒಂದು ಗೆರೆ ಎಳೆದ. ಇಬ್ಬರೂ ಕಾದರು. ಗೆರೆ ಕೆಂಪಾಯಿತು.

ಖಾಲಿ ಕಪ್ಪು ಒಯ್ಯಲು ಬಂದ ಗುರುಲಿಂಗಮ್ಮ ಬಗ್ಗಿ ನೋಡಿದಳು. "ಕುಂಕುಮ ಆತಲ್ಲರಿ ಇದು. ಇನ್ನೂ ಕಳಸಿಲ್ಲ, ಛಲೋ ಆತು."

ಯಾರೂ ನಗಲಿಲ್ಲ. ಮಾಸ್ತರರು ಪೆನ್ನಿಗೆ ಟೋಪಿ ಹಾಕಿದರು. ಸುತಳಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

"ಬೆಟ್ಟದ ಮ್ಯಾಲ ನೀ ನೋಡಿದ್ದಿ. ಯಾವ ಬಣ್ಣ ಇತ್ತು?"

"ಬೆಳ್ಳಗ ಇತ್ರಿ."

"ಮತ್ತ ಹಳದಿ ಅಂತ ಯಾಕ ಬರದಿ?"

ಧೂಳಪ್ಪ ಸುಣ್ಣದ ಡಬ್ಬಿಯ ಮುಚ್ಚಳ ಹಾಕಿ ಚಂಚಿಯೊಳಗಿಟ್ಟ.

"ನಾಳಿ ಕಾಲೇಜಿಗೆ ಬರುವಾಗ ಬ್ಯಾರೆ ಬರಕೊಂಡು ಬಾ. ಮೊದಲಿಂದ. ಹೇಳೀನಲ್ಲ, ಕಣ್ಣ ಮುಚ್ಚಿ ಕೇಳ್ತೀನಿ. ಕಾಣಲಿಲ್ಲಂದ್ರ ಇಲ್ಲ."

ಸೊಲ್ಲಾಪುರದ ಬಸ್ಸು ಬಿಟ್ಟು ಧೂಳಪ್ಪ ತಡವಳದ ಬಸ್ಸು ಹತ್ತಿದ. ಬೀರವ್ವ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದಳು.

"ಆಯಿ, ಆ ಹಲಗಿ ಬಿಚ್ಚಿದ್ದಿಯೇನು?"

"ಬಿಚ್ಚದ ಹೆಂಗ ಹಾಕ್ಲಿ? ಹಲಗಿಗೆ ಹಾಕಿದ್ರ ಹಲಗಿ ಪಾಸಾಗತದ. ಒಂದೊಂದ ಹಾಳಿ ತಗದು ಹಾಕೀನಿ. ಪಾಸಾಗೂ ಗಿಡ ಅಂದೆಲ್ಲ ನೀನಾ."

"ಎಲಿ ತಳಗ ಯಾವ ಬಣ್ಣ ಇತ್ತು?"

"ನನಗ ನಿನ್ನ ಮಾರಿನ ಮಸಕ ಕಾಣತದ, ಎಲಿ ಬಣ್ಣಾ ಎಲ್ಲಿಂದ ಕಾಣ್ಬೇಕು."

ಸಿಟ್ಟು ಮಾಡಲು ಅಲ್ಲಿ ಏನೂ ಉಳಿಯಲಿಲ್ಲ. ಧೂಳಪ್ಪ ಅಂಗಳದ ನಡುವೆ ನಿಂತ. ಘಟ್ಟದ ಮೇಲೆ ಬರೆದಿಟ್ಟುಕೊಳ್ಳದ್ದನ್ನು ತಲೆಯಿಂದ ಹೊರತೆಗೆಯುವ ದಾರಿ ಅವನಿಗೆ ಒಂದೇ ಗೊತ್ತಿತ್ತು. ಯಾರನ್ನಾದರೂ ಆಡಿ ತೋರಿಸಬೇಕೆಂದರೆ ಅವನು ಮಾತಿನಿಂದ ಶುರು ಮಾಡುತ್ತಿರಲಿಲ್ಲ. ಮೊದಲು ಅವರು ನಿಲ್ಲುವ ಹಾಗೆ ನಿಲ್ಲುತ್ತಿದ್ದ. ಇಳಿಜಾರಿಗೆ ತುಸು ವಾಲಿ ನಿಂತ. ತೋಳು ಅಗಲಿಸಿದ. ಟೊಂಗೆಗಳು ಬುಡದಿಂದಲ್ಲ, ಮೇಲೆ ಹೋದ ಮೇಲೆ ಕವಲೊಡೆದಿದ್ದವು, ಮೊಣಕೈ ಮಡಿಚಿದ. ಮುಳ್ಳು ಚುಚ್ಚಿದ ಹೆಬ್ಬೆರಳು ನೆನಪು ಕೊಟ್ಟಿತು: ಮುಳ್ಳು ಗಿಡ್ಡ, ಬುಡ ಅಗಲ, ಎಳೆಯ ಟೊಂಗೆಗೂ ಬಿಳಿ ಹಿಟ್ಟು. ಗಾಳಿ ಬಂತು ಎಂದುಕೊಂಡು ಕೈ ಹೊರಳಿಸಿದ. ಮೇಲೆ ಬಿಸಿಲಿಗೆ ಕಪ್ಪಾದ ಹಿಂಗೈ, ಕೆಳಗೆ ಬಿಳಿಚಿದ ಅಂಗೈ. ಮತ್ತೊಮ್ಮೆ ಹೊರಳಿಸಿದ.

"ಯಾರದ್ದು ನಕಲಿ ಅದು?" ಎಂದಳು ಬೀರವ್ವ.

"ಗಿಡದ್ದು."

"ಗಿಡಾನೂ ಬಿಡಲಿಲ್ಲೇನೊ," ಎಂದು ಅವಳು ಉಣ್ಣೆಗೆ ತಿರುಗಿದಳು.

ಮರುದಿನ ಪ್ರಯೋಗಶಾಲೆಯಲ್ಲಿ ಮಾಸ್ತರರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಕಣ್ಣು ಮುಚ್ಚಿ, "ಓದು," ಎಂದರು. ಅವರ ಮುಖ ಕಾಣದ್ದರಿಂದ ಧೂಳಪ್ಪ ಕಾಗದವನ್ನೇ ನೋಡಿ ಓದಿದ.

"ಆಳೆತ್ತರ ಮೀರುವ ಪೊದೆ. ಕಾಂಡ ನೆಟ್ಟಗೆ, ಮೇಲ್ಭಾಗದಲ್ಲಿ ಕವಲು. ಮುಳ್ಳುಗಳು ಗಿಡ್ಡ, ಬುಡ ಅಗಲ. ಎಳೆಯ ಟೊಂಗೆಗಳ ಮೇಲೆ ಹಿಟ್ಟಿನಂಥ ಬಿಳಿ ರೋಮ. ಎಲೆ ಅಂಗೈಗಿಂತ ಉದ್ದ, ಎರಡೂ ತುದಿ ಚೂಪು. ಮೇಲೆ ಹಸಿರು, ನುಣುಪು, ಪುಡಿ ನಿಲ್ಲುವುದಿಲ್ಲ. ತಳ ಬಿಳಿ, ನಕ್ಷತ್ರದಾಕಾರದ ರೋಮಗಳ ಕಂಬಳಿ, ಪುಡಿ ಬಿದ್ದರೆ ಬಿಡುವುದಿಲ್ಲ. ಗಾಳಿಗೆ ಎಲೆ ಹೊರಳಿದಾಗ ಇಡೀ ಗಿಡ ಬೆಳ್ಳಗೆ ಕಾಣುತ್ತದೆ. ಗಾಳಿ ನಿಂತರೆ ಹಸಿರು. ಹೂಗಳು ಗೊಂಚಲು, ತಿಳಿನೇರಳೆ, ಐದು ದಳ. ಕೇಸರ ಹಳದಿ, ಒತ್ತಾಗಿ ಕೂಡಿ ನಿಂತಿವೆ. ಪರಾಗ ತುದಿಯ ರಂಧ್ರದಿಂದ ಉದುರುತ್ತದೆ, ಬದನೆಯಲ್ಲಿ ಹೇಗೋ ಹಾಗೆ, ಹೌದಿಲ್ಲೊ."

ಓದುವುದು ನಿಂತುಹೋಯಿತು. ಕೊನೆಯ ಮಾತು ಕಾಗದದಲ್ಲಿರಲಿಲ್ಲ. ಯಾವಾಗ ಗದ್ದ ಮೇಲೆದ್ದಿತು, ಯಾವಾಗ ದನಿ ಎಡದವಡೆಗೆ ಸರಿಯಿತು ಎಂಬುದು ಧೂಳಪ್ಪನಿಗೆ ತಿಳಿದಿರಲಿಲ್ಲ. ಕುರ್ಚಿಯ ಬೆನ್ನನ್ನು ನೋಡುತ್ತ ನಿಂತ.

"ಹೌದು," ಎಂದರು ಮಾಸ್ತರರು, ಕಣ್ಣು ತೆರೆಯದೆ. "ಮುಂದ ಓದು."

"ಕಾಯಿ ಗುಂಡಗೆ, ಬಟಾಣಿಯಷ್ಟು. ಹಣ್ಣು ಕೆಂಪು ಎಂದು ಪುಸ್ತಕ ಹೇಳುತ್ತದೆ. ನಾನು ಕಂಡದ್ದು ಹಸಿರು ಕಾಯಿ ಮಾತ್ರ. ಬೀಜ ನೋಡಿಲ್ಲ."

ಕುರ್ಚಿಯಲ್ಲೇ ಕೂತು ಮಾಸ್ತರರು ಹೆಬ್ಬೆರಳಿನಿಂದ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡರು.

"ಝರಿ ಮ್ಯಾಲಿನ ಇಳಿಜಾರಿನ್ಯಾಗ, ಬಲಗಡೆ," ಎಂದರು ಮಾಸ್ತರರು ಕೊನೆಗೆ. "ಜರಿಗಿಡ ಹುಡಕಾಕ ಇಳಿಯುವಾಗ ನಾನೂ ಅದನ್ನ ನೋಡಿ ಹ್ವಾದೆ. ಗಾಳಿ ಬೀಸಿತ್ತು." ಕುರ್ಚಿ ತಿರುಗಿತು. "ಬೆಳ್ಳಗ ಆಗಿತ್ತು. ನಿನ್ನ ಹಳದಿ ಕೇಳುವಾಗ ನನಗೂ ನೆನಪಾಗಲಿಲ್ಲ ನೋಡು. ಜರ್ನಲ್ ಕೊಡು."

ಜರ್ನಲ್ ಕೊಟ್ಟ. ಮಾಸ್ತರರು ಎಡಗೈಯಿಂದ ಹಾಳೆ ಒತ್ತಿ ಹಿಡಿದು ಸಹಿ ಮಾಡಿದರು, ತಾರೀಖು ಹಾಕಿದರು, ಶಾಯಿ ಒಣಗಲಿ ಎಂದು ಕೈಯನ್ನು ಅಲ್ಲೇ ಇಟ್ಟರು. ಹೆಬ್ಬೆರಳು ಎತ್ತಿದಾಗ ಹಾಳೆಯ ಅಂಚಿನಲ್ಲಿ ಒಂದು ಗುಂಡನೆಯ ಕೆಂಪು ಗುರುತು ಮೂಡುತ್ತಿತ್ತು.

ಅವರು ಅದನ್ನು ಚಷ್ಮಾದ ಮೇಲಿಂದ ನೋಡಿದರು. ಆಮೇಲೆ ಧೂಳಪ್ಪನನ್ನು ನೋಡಿದರು.

"ಇದಕ್ಕೂ?"

"ನಿನ್ನೆ ಊರಿಗೆ ಒಯ್ದಿದ್ನಿರಿ, ಸರ್," ಎಂದ ಧೂಳಪ್ಪ. "ಚೀಲ ಹೊಸ್ತಿಲ ದಾಟಿದ್ರ ಬಿಡೂದಿಲ್ಲ ಆಯಿ."